ನಾಗಪುರದ ಶರದೃತುವಿಗೆ ಚೀನದ ಪಥ್ಯ

ಶರದೃತು ಅಂದರೆ ಕವಿಗಳಿಗೆ ಬೆಳದಿಂಗಳು, ನಾಗಪುರದವರಿಗೆ ಬೆವರು. ದಸರೆಯ ಆಸುಪಾಸಿನಲ್ಲಿ ಮಳೆ ಗಂಟುಮೂಟೆ ಕಟ್ಟುತ್ತದೆ, ಆಕಾಶ ಚೊಕ್ಕ ನೀಲಿಯಾಗುತ್ತದೆ, ಮಾರನೆಯ ದಿನದಿಂದಲೇ ಬಿಸಿಲು ನೆತ್ತಿಯ ಮೇಲೆ ಬಂದು ಕೂಡುತ್ತದೆ. ಇಡೀ ಮಹಾರಾಷ್ಟ್ರ ಇದಕ್ಕೆ ‘ಅಕ್ಟೋಬರ್ ಹೀಟ್’ ಅಂತ ಹೆಸರಿಟ್ಟುಬಿಟ್ಟಿದೆ. ಮೇ ತಿಂಗಳಲ್ಲಿ 45 ಡಿಗ್ರಿಯನ್ನು ತುಟಿಪಿಟಕ್ಕೆನ್ನದೆ ತಡೆದುಕೊಂಡ ಜನ ಅಕ್ಟೋಬರಿನ 33-34 ಡಿಗ್ರಿಗೆ ‘ಅಯ್ಯೋ ಅಪ್ಪಾ’ ಅನ್ನುವುದನ್ನು ನೋಡಿದರೆ ಹೊಸಬರಿಗೆ ನಗು ಬರುತ್ತದೆ. ನಗುವಂಥದ್ದೇನೂ ಇಲ್ಲ. ಮೇ ತಿಂಗಳದು ಒಣ ಬಿಸಿಲು. ಕಿಟಕಿಗೆ ಸಿಕ್ಕಿಸಿದ ಕೂಲರಿಗೆ ನೀರು ತುಂಬಿ, ಅದರ ಹುಲ್ಲಿನ ಪ್ಯಾಡು ತೋಯಿಸಿ ಗುಂಡಿ ಒತ್ತಿದರೆ ಮನೆ ತಂಪು. ಅಕ್ಟೋಬರಿನಲ್ಲಿ ನೆಲ ನಾಲ್ಕು ತಿಂಗಳ ಮಳೆ ಕುಡಿದು ಕೂತಿರುತ್ತದೆ, ಮೇಲಿಂದ ಸೂರ್ಯ ಕಾಯಿಸುತ್ತಾನೆ. ಗಾಳಿಯೇ ಒದ್ದೆಯಾಗಿರುವಾಗ ಕೂಲರ್ ಹಾಕಿದರೆ ಮೈಗೆ ಅಂಟು, ಹಾಸಿಗೆಗೆ ಮುಗ್ಗು ವಾಸನೆ.

ಇಂಥ ಹೊತ್ತಿನಲ್ಲಿ ಸಿಂಗಪುರದಲ್ಲಿರುವ ನನ್ನ ತಂಗಿಯ ಮಗಳು ಒಂದು ಉದ್ದನೆಯ ಪಟ್ಟಿ ಕಳಿಸಿದಳು. ಅವಳ ಆಫೀಸಿನ ಚೀನೀ ಗೆಳತಿ ಕೊಟ್ಟದ್ದಂತೆ. ಶರದೃತುವಿನಲ್ಲಿ ಏನು ತಿಂದರೆ ಆರೋಗ್ಯ ಅನ್ನುವ ಚೀನದ ಹಳೆಯ ವೈದ್ಯರ ಲೆಕ್ಕ. ಮರಸೇಬಿನ ಹೊಟ್ಟೆ ಕೊರೆದು ಕಲ್ಲುಸಕ್ಕರೆ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಬಿಳಿ ಅಣಬೆಯ ಸಿಹಿ ಸಾರು, ಲಿಲಿ ಗಡ್ಡೆ, ತಾವರೆ ಗಡ್ಡೆ, ಬಿಳಿ ಎಳ್ಳು, ಜೇನುತುಪ್ಪ, ಕಬ್ಬು, ಬೆಳಗ್ಗೆ ಅಕ್ಕಿ ಗಂಜಿ. ಕೆಳಗೆ ಒಂದು ಸಾಲು: ಖಾರ ಕಡಿಮೆ, ಹುಳಿ ಜಾಸ್ತಿ. ‘ದೊಡ್ಡವ್ವಾ, ನಿಮ್ಮಲ್ಲೂ ಈಗ ಶರದೃತು ಅಲ್ಲಾ? ಮಾಡಿ ನೋಡು’ ಅಂತ ಬೇರೆ.

ನಮ್ಮ ಮನೆಯಲ್ಲಿ ಯಾವ ಪಟ್ಟಿ ಬಂದರೂ ಅದು ಮೊದಲು ಕಂಪೌಂಡ್ ಗೋಡೆಯ ಮೇಲೆ ಮಂಡನೆಯಾಗಬೇಕು. ಗೋಡೆಯ ಆಚೆ ಕಾಕು ಇದ್ದಾರೆ. ಊರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಗಂಡನ ರೈಲ್ವೆ ನೌಕರಿಗೆ ನಾಗಪುರಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ಮರಾಠಿಯಲ್ಲಿ ತರಕಾರಿ ಚೌಕಾಸಿ ಮಾಡುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ. ಸಂಜೆ ನಾಲ್ಕಕ್ಕೆ ಚಹಾದ ಬಶಿ ಹಿಡಿದು ಗೋಡೆಗೆ ಬಂದರೆಂದರೆ ಹೊತ್ತು ಮುಳುಗಿದ್ದೇ ಗೊತ್ತಾಗುವುದಿಲ್ಲ.

ನಾನು ಪಟ್ಟಿ ಓದಿದೆ. ಬಿಳಿ ಅಣಬೆಗೆ ಬಂದಾಗ ಕಾಕು ಕೈಯೆತ್ತಿ ನಿಲ್ಲಿಸಿದರು.

“ಯವ್ವಾ, ಅಣಬಿಗೆ ಉಳ್ಳಾಗಡ್ಡಿ ಹಾಕಬೇಕೋ ಸಕ್ಕರಿ ಹಾಕಬೇಕೋ ಅನ್ನೂದು ತಿಳೀದ ಮಂದಿ ಮಾತ ಕೇಳ್ತೀಯೇನ ನೀ?”

“ಅವರ ದೇಶದಾಗ ಹಂಗ ಮಾಡ್ತಾರ್ರಿ ಕಾಕು. ಕುದಿಸಿದ್ರ ಲೋಳಿ ಲೋಳಿ ಆಗತದಂತ. ಗಂಟಲಕ್ಕ, ಪುಪ್ಪುಸಕ್ಕ ತಂಪಂತ.”

“ಮತ್ತ ಆ ಲಿಲಿ ಗಡ್ಡಿ? ನಮ್ಮ ಕುಂಡದಾಗ ಅದಾವಲ್ಲ ಗುಲಾಬಿ ಹೂವಿನವು, ಅವಾ?”

ಇಲ್ಲಿ ಮಾತ್ರ ನಾನು ದನಿ ಏರಿಸಿದೆ. ನಾವು ಕುಂಡದಲ್ಲಿ ಲಿಲಿ ಅಂತ ಬೆಳೆಸುವ ಹೂಗಿಡಗಳ ಗಡ್ಡೆಗಳಲ್ಲಿ ಬಹಳಷ್ಟು ವಿಷದವು. ಚೀನದವರು ತಿನ್ನುವ ಗಡ್ಡೆಯ ಜಾತಿಯೇ ಬೇರೆ. ಇದನ್ನು ಓದುತ್ತಿರುವವರೂ ದಯವಿಟ್ಟು ಕುಂಡ ಕೆದರಲು ಹೋಗಬೇಡಿ.

ಕಾಕುವಿನ ಮುಂದಿನ ಪ್ರಶ್ನೆ ಪಟ್ಟಿಯ ಬುಡಕ್ಕೇ ಬಿತ್ತು. “ಅಲ್ಲವಾ, ಸಿಂಗಪುರದಾಗ ಶರದೃತು ಯಾವಾಗ ಬರತದ?”

ಸಿಂಗಪುರ ಭೂಮಧ್ಯರೇಖೆಯಿಂದ ಒಂದು ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ. ವರ್ಷಪೂರ್ತಿ ಅದೇ ಸೆಕೆ, ಅದೇ ಮಳೆ. ಎಲೆ ಉದುರುವುದೂ ಇಲ್ಲ, ತುಟಿ ಒಡೆಯುವುದೂ ಇಲ್ಲ. ಆದರೂ ಅಲ್ಲಿಯ ಚೀನೀ ಔಷಧದ ಅಂಗಡಿಗಳಲ್ಲಿ ಶರದೃತುವಿನ ಸಾರಿನ ಸಾಮಾನು ಪೊಟ್ಟಣ ಕಟ್ಟಿ ಮಾರುತ್ತಾರೆ, ಜನ ಕೊಳ್ಳುತ್ತಾರೆ. ಅಜ್ಜನ ಊರಿನ ಹವೆಯನ್ನು ಮೊಮ್ಮಕ್ಕಳು ಸಾರಿನಲ್ಲಿ ಕುಡಿಯುತ್ತಾರೆ.

“ಅಂದ್ರ ಋತು ಬರಲಿ ಬಿಡಲಿ, ಸಾರು ಮಾತ್ರ ಬರತದ ಅನ್ನು” ಅಂದರು ಕಾಕು.

ತಮಾಷೆ ಬಿಟ್ಟು ನೋಡಿದರೆ ಚೀನದವರ ಲೆಕ್ಕದಲ್ಲಿ ಒಂದು ಕಟ್ಟುನಿಟ್ಟಿದೆ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ, ಹಳದಿ ಚಕ್ರವರ್ತಿಯ ಹೆಸರಿನಲ್ಲಿರುವ ಅವರ ವೈದ್ಯಗ್ರಂಥ ‘ಹ್ವಾಂಗ್‌ದಿ ನೇಯ್‌ಜಿಂಗ್’ ಪ್ರತಿ ಋತುವಿಗೂ ಒಂದು ಅಂಗ, ಒಂದು ದಿಕ್ಕು, ಒಂದು ಬಣ್ಣ, ಒಂದು ರುಚಿ ಹಂಚಿಕೊಟ್ಟಿದೆ. ಶರದೃತುವಿನ ಪಾಲಿಗೆ ಬಂದದ್ದು ಲೋಹ, ಪಡುವಣ ದಿಕ್ಕು, ಬಿಳಿ ಬಣ್ಣ, ಖಾರ, ಪುಪ್ಪುಸ, ಅದರ ಜೋಡಿ ದೊಡ್ಡ ಕರುಳು, ಭಾವಗಳಲ್ಲಿ ದುಃಖ. ಈ ಋತುವಿನ ಶತ್ರು ಒಣಗಾಳಿ. ಚೀನದ ಉತ್ತರ ಭಾಗದಲ್ಲಿ ಮಳೆಗಾಲ ಮುಗಿದ ಮೇಲೆ ಒಳನಾಡಿನಿಂದ ಒಣ ಗಾಳಿ ಬೀಸುತ್ತದೆ. ಚರ್ಮ ಬಿರಿಯುತ್ತದೆ, ಮೂಗು ಒಣಗುತ್ತದೆ, ಕಫವಿಲ್ಲದ ಕೆಮ್ಮು ಹತ್ತುತ್ತದೆ. ಒಣಗಿದ್ದನ್ನು ನೆನೆಸಬೇಕು, ಅದಕ್ಕೇ ಮರಸೇಬು, ಜೇನು, ಲೋಳೆಯ ಅಣಬೆ. ಬೆವರು ಹರಿಸಿ ಮೈಯನ್ನು ಇನ್ನಷ್ಟು ಒಣಗಿಸುವುದು ಖಾರ, ಅದಕ್ಕೆ ಖಾರ ಬೇಡ. ಹುಳಿ ಮೈಯ ರಸವನ್ನು ಹಿಡಿದಿಡುತ್ತದೆ ಅಂತ ಅವರ ನಂಬಿಕೆ, ಅದಕ್ಕೆ ಹುಳಿ ಬೇಕು. ಬೇಗ ಮಲಗಿ ಕೋಳಿಯ ಜೊತೆ ಏಳಬೇಕು ಅಂತಲೂ ಆ ಗ್ರಂಥದಲ್ಲಿದೆ. ಪುಪ್ಪುಸಕ್ಕೂ ಬಿಳಿ ಬಣ್ಣಕ್ಕೂ ಏನು ನಂಟು ಅಂತ ನನ್ನನ್ನು ಕೇಳಬೇಡಿ. ಅದು ಔಷಧಕ್ಕಿಂತ ಹೆಚ್ಚಾಗಿ ಒಂದು ಅಚ್ಚುಕಟ್ಟಾದ ಕೋಷ್ಟಕ. ಆದರೆ ಒಣ ಹವೆಗೆ ರಸದ ಹಣ್ಣು ಅನ್ನುವುದರಲ್ಲಿ ತಕರಾರು ತೆಗೆಯುವಂಥದ್ದು ಏನಿದೆ?

ಚೀನದ ಹೆಸರೆತ್ತಿದ್ದೇ ಕಾಕು ಸೊಲ್ಲಾಪುರಕ್ಕೆ ಹಾರಿದರು. ಅದು ಅವರ ಖಾಯಂ ಹಾದಿ. “ನಮ್ಮ ಕೋಟ್ನಿಸ್ ಡಾಕ್ಟರು ಹೋಗಿದ್ದರಲ್ಲ ಚೀನಾಕ್ಕ!” 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸರು 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ಕಾಂಗ್ರೆಸ್ ಕಳಿಸಿದ ವೈದ್ಯರ ತಂಡದಲ್ಲಿ ಹೋದರು. ಅಲ್ಲೇ ಮದುವೆಯಾದರು, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಅವರ ಮೇಲೆ ಶಾಂತಾರಾಮರು ತೆಗೆದ ಸಿನಿಮಾ ನೋಡಿದವರಿಗೆಲ್ಲ ಇಷ್ಟು ಗೊತ್ತು. ತಂಡದಲ್ಲಿ ಇದ್ದವರು ಐವರು, ಅವರಲ್ಲಿ ವಯಸ್ಸಿನಿಂದ ಹಿರಿಯರಾದ ಡಾ. ಚೋಳಕರರು ನಾಗಪುರದವರು ಅಂತ ನಾನಂದೆ. ಕಾಕು ಒಂದು ಗಳಿಗೆ ಸುಮ್ಮನಾದರು. ಇಷ್ಟು ವರ್ಷ ಗೋಡೆಯ ಈಚೆ ಆಚೆ ಸೊಲ್ಲಾಪುರಕ್ಕೆ ಒಂದು ಅಂಕ ಜಾಸ್ತಿ ಇತ್ತು, ಅವತ್ತು ಸಮ ಆಯಿತು. ಇದರಲ್ಲಿ ಇನ್ನೊಂದು ಸೊಗಸಿದೆ. ಹೋದವರೆಲ್ಲ ಕತ್ತರಿ ಚಾಕುವಿನ ಇಂಗ್ಲಿಷ್ ವೈದ್ಯರು. ಅವರಲ್ಲಿ ಕಲಕತ್ತೆಯ ಡಾ. ಬಿ.ಕೆ. ಬಸು ಮುಂದೆ 1950ರ ದಶಕದಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಕಲಿತು ಬಂದು ಕಲಕತ್ತೆಯಲ್ಲಿ ಶುರುಮಾಡಿದರು. ನಾವು ಹೊಲಿಯುವ ಸೂಜಿ ಕಳಿಸಿದೆವು, ಅವರು ಚುಚ್ಚುವ ಸೂಜಿ ವಾಪಸು ಕಳಿಸಿದರು.

ಈಗ ಪಟ್ಟಿಗೆ ಬರೋಣ. ಚೀನದ ಶರದೃತುವಿನ ಸಂಕಟ ಒಣಗುವುದು ಅಂತಾದರೆ, ನಾಗಪುರದ ಅಕ್ಟೋಬರಿನ ಸಂಕಟ ಅದಲ್ಲವೇ ಅಲ್ಲ. ನಮ್ಮ ಚರಕ ಹೇಳುವುದನ್ನು ಕೇಳಿ: ಮಳೆಗಾಲದ ತಂಪಿಗೆ ಒಗ್ಗಿದ ಮೈಗೆ ಒಮ್ಮೆಲೆ ಸೂರ್ಯನ ಬಿಸಿಲು ಬೀಳುತ್ತದೆ, ಮಳೆಯಲ್ಲಿ ಕೂಡಿಕೊಂಡ ಪಿತ್ತ ಆಗ ಕೆರಳುತ್ತದೆ. ನಾಗಪುರದ ಅಕ್ಟೋಬರನ್ನು ನೋಡಿಯೇ ಬರೆದದ್ದು ಅನ್ನಬೇಕು! ಪಿತ್ತಕ್ಕೆ ಮದ್ದು ಕಹಿ, ಸಿಹಿ, ಒಗರು. ಹಳೆ ಅಕ್ಕಿ, ಗೋದಿ, ಜವೆ, ತುಪ್ಪ, ಪಡವಲಕಾಯಿ, ಹಾಗಲಕಾಯಿ. ಬೇಡವಾದದ್ದು ಮೊಸರು, ಎಣ್ಣೆ, ಬಿಸಿಲು, ಹಗಲು ನಿದ್ದೆ. ಹುಳಿಯೂ ಬೇಡ. ಚೀನದವರು ಬೇಕೆನ್ನುವ ಹುಳಿಯನ್ನೇ ನಮ್ಮವರು ಬೇಡ ಅನ್ನುತ್ತಾರೆ. ಇಬ್ಬರೂ ಒಂದೇ ಶರದೃತುವಿನ ಹೆಸರು ಹೇಳುತ್ತಾರೆ, ಆದರೆ ಕಿಟಕಿಯ ಹೊರಗೆ ಕಾಣುವ ಹವೆ ಬೇರೆ. ಪಂಚಾಂಗವೂ ಬೇರೆಯೇ. ಅವರ ವರ್ಷದ 24 ಸೌರ ಭಾಗಗಳ ಲೆಕ್ಕದಲ್ಲಿ (2016ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದ ಲೆಕ್ಕ ಅದು) ಶರದೃತು ಶುರುವಾಗುವುದು ಆಗಸ್ಟ್ 7 ಅಥವಾ 8ಕ್ಕೆ. ಅಂದು ಬೀಜಿಂಗಿನವರು ಬೇಸಿಗೆಯಲ್ಲಿ ಇಳಿದ ಮೈ ಮತ್ತೆ ತುಂಬಲಿ ಅಂತ ಗಡದ್ದಾಗಿ ಮಾಂಸ ತಿನ್ನುತ್ತಾರೆ. ಆಗಸ್ಟ್ 7ಕ್ಕೆ ನಾಗಪುರದಲ್ಲಿ ಛತ್ರಿಯೇ ಒಣಗಿರುವುದಿಲ್ಲ, ಶರದೃತು ಎಲ್ಲಿಂದ ಬರಬೇಕು?

ಹಳೆಯ ವೈದ್ಯರು ಶರದೃತುವನ್ನು ತಮ್ಮ ತಾಯಿ ಅಂತ ಕರೆದುಕೊಂಡರು. ರೋಗಿಗಳನ್ನು ಸಾಲುಗಟ್ಟಿ ಕಳಿಸಿ ಸಾಕುವವಳು ಅನ್ನುವ ಅರ್ಥದಲ್ಲಿ. ಡೆಂಗಿ, ವಾಂತಿಭೇದಿ, ಕಣ್ಣು ಕೆಂಪಗಾಗುವುದು ಎಲ್ಲ ಈ ಹೊತ್ತಿಗೇ. ನಾಗಪುರಕ್ಕೆ ಇದು ಹಿಂದಿನಿಂದಲೂ ಗೊತ್ತು. ಎತ್ತುಗಳ ಹಬ್ಬ ಪೋಳಾದ ಮಾರನೆಯ ದಿನ ಇಲ್ಲಿ ಮಾರಬತ್ ಮೆರವಣಿಗೆ ಹೊರಡುತ್ತದೆ. ಒಂದು ಕರಿ ಮಾರಬತ್, ಒಂದು ಹಳದಿ ಮಾರಬತ್, ದೊಡ್ಡ ದೊಡ್ಡ ಗೊಂಬೆಗಳು, ಜೊತೆಗೆ ಆ ವರ್ಷ ಜನರ ಸಿಟ್ಟಿಗೆ ಗುರಿಯಾದವರ ಬೆದರುಬೊಂಬೆಗಳು. 1880ರ ದಶಕದಿಂದ ನಡೆದು ಬಂದದ್ದು. ಕೆಮ್ಮು ನೆಗಡಿ ಜ್ವರ ಪೀಡೆ ಎಲ್ಲ ತೆಗೆದುಕೊಂಡು ಹೋಗೇ ಮಾರಬತ್ ಅಂತ ಮರಾಠಿಯಲ್ಲಿ ಕೂಗುತ್ತಾ ಇತ್ವಾರಿ, ಮಹಾಲ್ ಗಲ್ಲಿಗಳಲ್ಲಿ ಸುತ್ತಿಸಿ ಕೊನೆಗೆ ಸುಡುತ್ತಾರೆ. ಸೊಳ್ಳೆ ನಿಂತ ನೀರಿನಲ್ಲಿ ಹುಟ್ಟುತ್ತದೆ, ಕೂಗಿಗೆ ಹೆದರುವುದಿಲ್ಲ, ನಿಜ. ಆದರೆ ರೋಗದ ಋತು ಬರುತ್ತಿದೆ ಎಂದು ಇಡೀ ಊರಿಗೆ ಒಂದೇ ದಿನ ಡಂಗುರ ಸಾರುವ ಇನ್ನೊಂದು ಊರನ್ನು ನಾನು ನೋಡಿಲ್ಲ.

ಖಾರದ ವಿಷಯಕ್ಕೆ ಬಂದರೆ ಚೀನದವರೂ ಚರಕನೂ ಕೈ ಕುಲುಕುತ್ತಾರೆ: ಬೇಡ. ಹಾಗಾಗಿ ನಾಗಪುರ ಎರಡೂ ಪರೀಕ್ಷೆಗಳಲ್ಲಿ ನಪಾಸು. ಇಲ್ಲಿ ಬೆಳಗಾಗುವುದೇ ತರ್ರಿ ಪೋಹೆಯಿಂದ. ಅವಲಕ್ಕಿ ಒಗ್ಗರಣೆ ನಮಗೂ ಗೊತ್ತು. ಆದರೆ ಅದರ ಮೇಲೆ ಕಡಲೆಕಾಳಿನ ಕೆಂಪು ರಸ್ಸಾ, ಆ ರಸ್ಸಾದ ಮೇಲೆ ಒಂದು ಬೆರಳು ತೇಲುವ ಎಣ್ಣೆ, ಅದೇ ತರ್ರಿ, ಅದನ್ನು ಸೌಟಿನಲ್ಲಿ ಆರಿಸಿ ಸುರಿಯುತ್ತಾರೆ. ಮಧ್ಯಾಹ್ನಕ್ಕೆ ಪಾಟೋಡಿ ರಸ್ಸಾ. ರಾತ್ರಿಗೆ ತಿನ್ನುವವರಿಗೆ ಸಾವಜಿ ಮಟನ್. ನೇಕಾರಿಕೆಯ ಹಲ್ಬಾ ಕೋಷ್ಟಿ ಜನರ ಮನೆಗಳಿಂದ ಹೊರಟು ಊರಿನ ಬೋರ್ಡುಗಳನ್ನೆಲ್ಲ ಗೆದ್ದ ಅಡುಗೆ. ಅದರ ಕಪ್ಪು ಮಸಾಲೆಯ ಖಾರಕ್ಕೆ ಹೊರಗಿನವರ ಕಿವಿಯಿಂದ ಹೊಗೆ ಬರುತ್ತದೆ. ಅಕ್ಟೋಬರಿನ ಸೆಕೆಯಲ್ಲಿ ಇದನ್ನು ತಿಂದು ಬೆವರು ಒರೆಸಿಕೊಳ್ಳುತ್ತ ಎದೆ ಉರಿ ಅಂತ ಔಷಧದಂಗಡಿಗೆ ಹೋಗುವವರನ್ನು ನೋಡಿದರೆ ಚರಕನಿಗೆ ಏನನ್ನಿಸುತ್ತಿತ್ತೋ. ನವರಾತ್ರಿಯ ಒಂಬತ್ತು ದಿನ ಅರ್ಧ ಊರು ಉಪವಾಸ ಹಿಡಿಯುವುದರಿಂದ ಹೊಟ್ಟೆಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆ ಬಿಡುವಿಗೂ ಸಾಬೂದಾಣೆಯ ವಡೆ ಕರಿದು ತಿನ್ನುವ ಧೀರರಿದ್ದಾರೆ. ಹೆಸರು ಹೇಳುವುದಿಲ್ಲ, ಗೋಡೆ ಹತ್ತಿರದಲ್ಲೇ ಇದೆ.

ಕುಡಿಯುವ ನೀರಿನ ವಿಷಯದಲ್ಲಿ ನಮ್ಮ ಗ್ರಂಥಗಳು ಬಹಳ ಚೆಂದದ ಮಾತೊಂದು ಹೇಳಿವೆ. ಹಗಲೆಲ್ಲ ಸೂರ್ಯ ಕಾಯಿಸಿ, ರಾತ್ರಿಯೆಲ್ಲ ಚಂದ್ರ ತಣಿಸಿ, ಅಗಸ್ತ್ಯ ನಕ್ಷತ್ರದ ಉದಯದಿಂದ ವಿಷ ಕಳೆದುಕೊಂಡ ಶರದೃತುವಿನ ನೀರಿಗೆ ಹಂಸೋದಕ ಅಂತ ಹೆಸರು; ಅಮೃತಕ್ಕೆ ಸಮಾನ. ಅಕ್ಟೋಬರಿನ ಮಧ್ಯದಲ್ಲಿ ಬೆಳಗಿನ ಜಾವ ಐದಕ್ಕೆ ನಾಗಪುರದ ಯಾವುದಾದರೂ ತಾರಸಿಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ಎದುರಿಗೇ ಇರುತ್ತಾನೆ, ದಿಗಂತದಿಂದ ಬರೀ 16 ಡಿಗ್ರಿ ಮೇಲೆ. ಚೀನದವರಿಗೂ ಈ ನಕ್ಷತ್ರ ಬೇಕಾದವನೇ. ಅವರ ಹಳೆಯ ರಾಜಧಾನಿ ಷಿಯಾನ್‌ನಿಂದ ನೋಡಿದರೆ ಅವನು ದಿಗಂತದ ಅಂಚಿನಲ್ಲಿ ಮೂರು ಡಿಗ್ರಿಯಷ್ಟೇ ಏಳುತ್ತಾನೆ, ಬೀಜಿಂಗಿನಿಂದ ಕಾಣುವುದೇ ಇಲ್ಲ. ಕಾಣುವುದು ಅಪರೂಪ, ಕಂಡರೆ ಶುಭ ಅಂತ ಅವನನ್ನು ‘ದಕ್ಷಿಣದ ಮುದುಕ’ ಅಂತ ಕರೆದು ದೀರ್ಘಾಯುಷ್ಯದ ದೇವರನ್ನಾಗಿ ಮಾಡಿಕೊಂಡರು. ಉಬ್ಬಿದ ಹಣೆ, ಕೈಯಲ್ಲಿ ಕೋಲು ಮತ್ತು ಪೀಚ್ ಹಣ್ಣು ಹಿಡಿದ ಆ ಅಜ್ಜನ ಬೊಂಬೆಯನ್ನು ನೀವು ಚೀನೀ ಹೋಟೆಲುಗಳಲ್ಲಿ ನೋಡಿರುತ್ತೀರಿ. ಒಂದೇ ಚುಕ್ಕೆ, ಇಲ್ಲಿ ನೀರು ಶುದ್ಧ ಮಾಡುವ ಋಷಿ, ಅಲ್ಲಿ ಆಯುಷ್ಯ ಕೊಡುವ ಅಜ್ಜ.

ಇದನ್ನು ಕೇಳಿದ ಕಾಕು ಆ ರಾತ್ರಿಯೇ ತಾರಸಿಯ ಮೇಲೆ ತಾಮ್ರದ ಹಂಡೆ ಇಡುವ ಉಮೇದಿನಲ್ಲಿದ್ದರು. ಬೇಡವೆಂದೆ. ಚರಕನ ಕಾಲದ ಕೆರೆಗೆ ಅಗಸ್ತ್ಯ ಸಾಕಾಗಿದ್ದಿರಬಹುದು, ಈಗಿನ ಪೈಪಿನ ನೀರಿಗೆ ಕುದಿಸುವುದೇ ಮದ್ದು.

ಪಟ್ಟಿಯಲ್ಲಿ ಇದ್ದೂ ನಾಗಪುರದಲ್ಲಿ ಸಿಗದೆ ಇರುವಂಥದ್ದು ಕಡಿಮೆ. ತಾವರೆ ಗಡ್ಡೆ ಬೇಕಿದ್ದರೆ ಜರಿಪಟಕಾಕ್ಕೆ ಹೋಗಬೇಕು; ದೇಶವಿಭಜನೆಯ ನಂತರ ಸಿಂಧಿ ಜನ ನೆಲೆನಿಂತ ಬಡಾವಣೆ ಅದು, ಅವರ ಅಡುಗೆಯಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಆದರೆ ನನ್ನ ಕೇಳಿದರೆ ಈ ಋತುವಿನ ರಾಜ ಶಿಂಗಾಡಿ. ದಸರೆ ಹತ್ತಿರ ಬಂತೆಂದರೆ ಗೋಕುಳಪೇಟೆಯ ಸಂತೆಯಲ್ಲಿ, ರಸ್ತೆ ಬದಿಯ ಕೈಗಾಡಿಗಳಲ್ಲಿ ರಾಶಿ ಬೀಳುತ್ತದೆ. ಪೂರ್ವಕ್ಕೆ ಭಂಡಾರಾ, ಗೋಂದಿಯಾ ಜಿಲ್ಲೆಗಳಲ್ಲಿ ಸಾವಿರಾರು ಹಳೆಯ ಕೆರೆಗಳಿವೆ. ಗೊಂಡ ಅರಸರ ಕಾಲದಿಂದ ಕೊಹಳಿ ಜನ ಕಟ್ಟಿದವು. ಮಾಲಗುಜಾರಿ ತಲಾವ ಅಂತ ಈಗಲೂ ಕರೆಯುತ್ತಾರೆ. ಆ ಕೆರೆಗಳಲ್ಲಿ ಧೀಮರ ಜನ ಶಿಂಗಾಡಿಯ ಬಳ್ಳಿ ಬೆಳೆಸುತ್ತಾರೆ. ಎದೆಮಟ್ಟದ ನೀರಿನಲ್ಲಿ ಬಳ್ಳಿ ಎತ್ತಿ ಎತ್ತಿ, ಅಡಿಯಲ್ಲಿ ಅಡಗಿದ ಕಾಯಿ ಕಿತ್ತುಕೊಳ್ಳಬೇಕು. ಎರಡೂ ಕಡೆ ಕೊಂಬು, ಕೊಂಬಿನ ತುದಿಗೆ ಮುಳ್ಳು. ಹಸಿರು ಕಾಯಿ ಹಸಿಯಾಗಿ ತಿನ್ನಲಿಕ್ಕೆ, ಕಪ್ಪಗೆ ಬೇಯಿಸಿದ್ದು ಹಲ್ಲಲ್ಲಿ ಕಚ್ಚಿ ಸೀಳಿ ತಿನ್ನಲಿಕ್ಕೆ. ಕಾಕು ಅದಕ್ಕೊಂದು ಅಡಕೊತ್ತು ಮೀಸಲಿಟ್ಟಿದ್ದಾರೆ. ಕೊಂಬಿನ ಎರಡು ತುದಿ ಕಟಕ್ ಕಟಕ್ ಅಂತ ಮುರಿದು, ನಡುವೆ ಒಂದು ಸೀಳು ಹಾಕಿದರೆ ಬೆಳ್ಳನೆಯ ತಿರುಳು ಇಡಿಯಾಗಿ ಜಾರುತ್ತದೆ. ಸಪ್ಪೆಸಿಹಿ, ಹಿಂದೆಯೇ ಒಂಚೂರು ಒಗರು, ಕೆರೆಯ ಮಣ್ಣಿನ ಸಣ್ಣ ವಾಸನೆ. ಚರಕ ಕೇಳಿದ ಸಿಹಿ ಒಗರು ಎರಡೂ ಇದರಲ್ಲಿದೆ. ಚೀನದವರು ಕೇಳಿದ ಬಿಳಿ ಬಣ್ಣವೂ ಇದೆ. ದಕ್ಷಿಣ ಚೀನದಲ್ಲಿ ಶರದೃತುವಿನ ಹುಣ್ಣಿಮೆ ಹಬ್ಬಕ್ಕೆ ಇದೇ ಕೊಂಬಿನ ಕಾಯಿ ಬೇಯಿಸಿ ತಿನ್ನುವ ಪದ್ಧತಿ ಇದೆ. ಆ ಕಡೆಯವರೂ ಈ ಕಡೆಯವರೂ ಒಪ್ಪುವ ತಿಂಡಿ ಇನ್ನೇನು ಬೇಕು? ಸೀತಾಫಲವನ್ನೂ ಇದೇ ಸಾಲಿಗೆ ಸೇರಿಸಿ. ಅದು ಪಟ್ಟಿಯಲ್ಲಿ ಇಲ್ಲ, ಆದರೆ ವಿದರ್ಭದ ಗುಡ್ಡಗಳು ಅಕ್ಟೋಬರಿನಲ್ಲಿ ಅದನ್ನು ಕೊಡುತ್ತಿರುವಾಗ ಹಿಮಾಲಯದ ಮರಸೇಬನ್ನು ಯಾಕೆ ಹುಡುಕಬೇಕು?

ಹುಣ್ಣಿಮೆಯ ಮಾತು ಬಂತಲ್ಲ. 2025ರ ಅಕ್ಟೋಬರ್ 6ರ ಚಂದ್ರನಿಗೆ ಬಿಡುವೇ ಇರಲಿಲ್ಲ. ಚೀನದಲ್ಲಿ ಅಂದು ಶರದೃತುವಿನ ನಡುಹಬ್ಬ, ಮನೆಮಂದಿಯೆಲ್ಲ ಕೂಡಿ ತಾವರೆ ಬೀಜದ ಹೂರಣ ತುಂಬಿದ ದುಂಡು ಕೇಕು ಹಂಚಿಕೊಂಡು ತಿನ್ನುವ ದಿನ. ನಾಗಪುರದಲ್ಲಿ ಕೋಜಾಗಿರಿ. ತಾರಸಿಗಳ ಮೇಲೆ ದೊಡ್ಡ ಪಾತೆಲೆಯಲ್ಲಿ ಹಾಲು ಬತ್ತಿಸಿ, ಕೇಸರಿ, ಬದಾಮಿ, ಚಾರೋಳಿ ಹಾಕಿ, ಚಂದ್ರನ ನೆರಳು ಹಾಲಿನಲ್ಲಿ ಬೀಳುವ ತನಕ ಕಾದು ಕುಡಿಯುತ್ತಾರೆ. ಭಾದ್ರಪದದ ಹುಣ್ಣಿಮೆಯಿಂದ ಭುಲಾಬಾಯಿಯ ಹಾಡು ಹಾಡುತ್ತಾ ಬಂದ ಹುಡುಗಿಯರಿಗೂ ಅಂದೇ ಕೊನೆಯ ದಿನ. ಡಬ್ಬಿ ಅಲ್ಲಾಡಿಸಿ ಸಪ್ಪಳದ ಮೇಲೆ ಒಳಗಿನ ಪ್ರಸಾದ ಏನಂತ ಹೇಳಿಸುವ ಆಟ ಅವರದು. ನಮ್ಮ ಧಾರವಾಡದ ಕಡೆ ಅಂದು ಶೀಗಿ ಹುಣ್ಣಿಮೆ. ತೆನೆ ಹೊತ್ತ ಭೂಮಿತಾಯಿ ಬಸಿರಿ, ಅವಳಿಗೆ ಬಯಕೆ ಊಟ. ಕಡಬು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಳಿದದ್ದು ಅಲ್ಲೇ ಕೂತು ಉಣ್ಣುವುದು. ಮಲೆನಾಡಿನವರಿಗೆ ಅದೇ ಭೂಮಿ ಹುಣ್ಣಿಮೆ.

ಪ್ರತಿವರ್ಷ ಹೀಗೆ ಕೂಡಿ ಬರುವುದಿಲ್ಲ. 2024ರಲ್ಲಿ ಚೀನದ ಹಬ್ಬ ಸೆಪ್ಟೆಂಬರ್ 17ಕ್ಕೇ ಮುಗಿದಿತ್ತು, ನಮ್ಮದು ಅಕ್ಟೋಬರ್ 16ಕ್ಕೆ. 2025ರಲ್ಲಿ ಅವರ ಪಂಚಾಂಗಕ್ಕೆ ಅಧಿಕ ಮಾಸ ಬಿದ್ದು ಅವರ ಹಬ್ಬ ಮುಂದಕ್ಕೆ ಹೋಯಿತು, ಎರಡೂ ಒಂದಾದವು.

“ನಮ್ಮ ಕಡೆ ಎಳ್ಳ ಅಮಾಸಿ ದೊಡ್ಡದು” ಅಂತ ಕಾಕು ತಮ್ಮೂರಿನ ಪರ ವಾದ ಹೂಡಿದರು. “ಆದ್ರ ನೀ ಹೇಳು, ಈ ಹುಣ್ಣಿವಿ ಹಾಲ ನಿಮ್ಮ ಕಾಕಾಗ ಕೊಡಬೇಕೋ ಬ್ಯಾಡೋ? ಸಕ್ಕರಿ ಕಾಯಿಲಿ ಅದ.”

“ಪಿತ್ತ ಶಾಂತ ಆಗತದ, ಸಕ್ಕರಿ ಏರತದರಿ.”

“ಅಂದ್ರ?”

“ಸಕ್ಕರಿ ಇಲ್ಲದ ಅರ್ಧ ಕಪ್ಪು. ಡಾಕ್ಟರ್ ಮಾತು ಮೊದಲು, ಚಂದ್ರ ಆಮ್ಯಾಲೆ.”

ಈ ಮಾತು ಮರಸೇಬಿನೊಳಗಿನ ಕಲ್ಲುಸಕ್ಕರೆಗೂ ಜೇನಿಗೂ ಅನ್ವಯಿಸುತ್ತದೆ. ಋತುವಿನ ಪಥ್ಯ ಗಟ್ಟಿಮುಟ್ಟಾಗಿರುವವರು ಹಾಗೇ ಇರಲು ಮಾಡುವ ಏರ್ಪಾಡು. ಜ್ವರ ಬಂದವನಿಗೆ ರಕ್ತ ಪರೀಕ್ಷೆ ಮಾಡಿಸಬೇಕು, ಅಣಬೆ ಸಾರು ಕುಡಿಸುತ್ತ ಕೂಡಬಾರದು.

ಇಷ್ಟೆಲ್ಲ ಹರಟೆಯ ಮೇಲೆ ನನಗೆ ಹೊಳೆದದ್ದು ಇದು. ಚೀನದವರ ಶರದೃತು ನಾಗಪುರಕ್ಕೆ ಬಂದೇ ಬರುತ್ತದೆ, ಆದರೆ ದೀಪಾವಳಿ ಆದ ಮೇಲೆ. ಕಾರ್ತಿಕದಲ್ಲಿ ಗಾಳಿಯ ಪಸೆ ಆರುತ್ತದೆ, ರಾತ್ರಿಗಳು ತಣ್ಣಗಾಗುತ್ತವೆ, ಶೀಸೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಒಣ ಕೆಮ್ಮು ಗೋಡೆಯ ಎರಡೂ ಕಡೆ ಕೇಳಿಸುತ್ತದೆ. ಪಿತ್ತದ ಕಾಟ ಮುಗಿದಿರುತ್ತದೆ, ಹಾಗಾಗಿ ಹುಳಿಗೂ ಹೆದರಬೇಕಿಲ್ಲ. ಆಗ ತೆಗೆಯಿರಿ ಸಿಂಗಪುರದ ಪಟ್ಟಿ. ಎಳ್ಳು, ಕಬ್ಬು, ಜೇನು ಎಲ್ಲ ಹೊಂದುತ್ತವೆ. ಕಾರ್ತಿಕದ ನೆಲ್ಲಿಕಾಯಿಯೂ ಬಂದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಸಂತ್ರಿ, ಅಂದರೆ ಕಿತ್ತಳೆ, ಬಂದಿರುತ್ತದೆ.

ನಾಗಪುರದ ಸಂತ್ರಿಗೆ ಎರಡು ಬಹಾರ. ಜನವರಿ ಫೆಬ್ರವರಿಯಲ್ಲಿ ಹೂ ಬಿಟ್ಟು ವರ್ಷದ ಕೊನೆಗೆ ಹಣ್ಣಾಗುವುದು ಅಂಬಿಯಾ. ಮುಂಗಾರಿನ ಹೊಸ ಮಳೆಗೆ ಹೂ ಬಿಟ್ಟು ಫೆಬ್ರವರಿಯ ನಂತರ ಕೀಳುವುದು ಮೃಗ. ಅಕ್ಟೋಬರಿನಲ್ಲೇ ಅವಸರ ಮಾಡಿ ಮಾರುವ ಹಸಿರು ಹಣ್ಣು ಅಂಬಿಯಾದ್ದೇ, ಆದರೆ ಬರೀ ಹುಳಿ. ಚೀನದವರು ಮೆಚ್ಚಿಯಾರು, ಚರಕ ಕಣ್ಣು ಬಿಡುತ್ತಾನೆ. ನವೆಂಬರ್ ದಾಟಿದ ಮೇಲೆ ಕಾಟೋಲ್, ನರಖೇಡ್, ವರೂಡ್ ಕಡೆಯ ಹಣ್ಣು ಕಳಮನಾ ಪೇಟೆಗೆ ಲಾರಿಗಟ್ಟಲೆ ಇಳಿಯುತ್ತದೆ. 2014ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಪಡೆದ ಹಣ್ಣು. ಸಂತ್ರಿ, ನಿಂಬೆ ಜಾತಿಯ ಹಣ್ಣುಗಳ ಮೇಲೆ ಸಂಶೋಧನೆ ನಡೆಸಲೆಂದೇ ಅಮರಾವತಿ ರಸ್ತೆಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೇ ಇದೆ. ಹಣ್ಣು ತಿನ್ನುತ್ತೇವೆ, ಬರ್ಫಿ ಮಾಡಿ ಮಾರುತ್ತೇವೆ, ಸಿಪ್ಪೆ ಮಾತ್ರ ಕಸದ ಗಾಡಿಗೆ.

ಚೀನದವರು ಇದನ್ನು ನೋಡಿದರೆ ತಲೆ ಚಚ್ಚಿಕೊಂಡಾರು. ಗ್ವಾಂಗ್‌ಡಾಂಗ್ ಪ್ರಾಂತದ ಷಿನ್‌ಹ್ವೆ ಎಂಬ ಊರಿನಲ್ಲಿ ನಮ್ಮ ಸಂತ್ರಿಯ ಜಾತಿಯದೇ ಹಣ್ಣಿನ ಸಿಪ್ಪೆಯನ್ನು ಮೂರು ಎಸಳಾಗಿ, ಬುಡ ಬಿಡದಂತೆ ಬಿಡಿಸಿ, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಇಟ್ಟು ಹಳತು ಮಾಡುತ್ತಾರೆ. ಮೂರು ವರ್ಷವಾದರೂ ಆಗದೆ ಅದಕ್ಕೆ ‘ಚೆನ್‌ಪಿ’ ಅನ್ನುವ ಮರ್ಯಾದೆ ಸಿಗುವುದಿಲ್ಲ. ಹಳತಾದಷ್ಟೂ ಬೆಲೆ ಹೆಚ್ಚು, ಬಂಗಾರದ ತೂಕದ ಮಾತಾಡುತ್ತಾರೆ. ಹಣ್ಣಿನ ತಿರುಳು ಕಫ ಕಟ್ಟುತ್ತದೆ, ಸಿಪ್ಪೆ ಕಫ ಕರಗಿಸುತ್ತದೆ, ಹೊಟ್ಟೆಯುಬ್ಬರ ಇಳಿಸುತ್ತದೆ ಅಂತ ಅವರ ವೈದ್ಯರು. ಗಂಜಿಗೆ, ಚಹಾಕ್ಕೆ, ಬಾತುಕೋಳಿಯ ಸಾರಿಗೆ ಎಲ್ಲಕ್ಕೂ ಒಂದು ಚೂರು.

ಆದರೆ ನಮ್ಮವರೇನು ಕಡಿಮೆಯೇ? ಮೈಸೂರ ಕಡೆಯ ಬೀಗರ ಮನೆಯಲ್ಲಿ ಕಲಿತ ಕಿತ್ತಳೆ ಸಿಪ್ಪೆಯ ಗೊಜ್ಜು ನಾನು ಪ್ರತಿ ಚಳಿಗಾಲ ಮಾಡುತ್ತೇನೆ. ಹಣ್ಣು ಬಿಡಿಸುವ ಮುಂಚೆಯೇ ಉಪ್ಪಿನ ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು, ಔಷಧ ಹೊಡೆದಿರುತ್ತಾರೆ. ಒಳಗಿನ ಬಿಳಿ ನಾರು ಕೆರೆದು, ಸಿಪ್ಪೆ ಸಣ್ಣಗೆ ಹೆಚ್ಚಿ, ಕುದಿನೀರಿನಲ್ಲಿ ಒಂದು ಕುದಿ ಕೊಟ್ಟು ಬಸಿದರೆ ಕಹಿ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಸಬೇಡಿ, ಅದೇ ಅದರ ಜೀವ. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ. ಸಿಪ್ಪೆ ಹಾಕಿ ಬಾಡಿಸುವಾಗ ಏಳುವ ವಾಸನೆಗೆ ಪಕ್ಕದ ಮನೆಯ ಕಿಟಕಿ ತಾನಾಗಿ ತೆರೆಯುತ್ತದೆ. ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗಟ್ಟಿಯಾಗುವ ತನಕ ಕುದಿಸಿ, ಇಳಿಸುವಾಗ ಹುರಿದ ಎಳ್ಳಿನ ಪುಡಿ. ಕಾಕು ಇದಕ್ಕೆ ಶೇಂಗಾ ಪುಡಿ ಹಾಕಿ ಸೊಲ್ಲಾಪುರದ್ದು ಮಾಡಿಕೊಂಡಿದ್ದಾರೆ, ಜೋಳದ ರೊಟ್ಟಿಗೆ ಅದೇ ಸರಿ ಅಂತ ಅವರ ಹಟ. ಹಟದಲ್ಲಿ ಅರ್ಥವಿದೆ.

ಹಾಗಾಗಿ ನನ್ನ ವಿನಂತಿ ಇಷ್ಟೇ. ಅಕ್ಟೋಬರಿನಲ್ಲಿ ಶಿಂಗಾಡಿ ತಿನ್ನಿ, ಪಡವಲಕಾಯಿ ಪಲ್ಯ ಮಾಡಿ, ತರ್ರಿಯನ್ನು ಮೇಲಿಂದ ಸುರಿಸಿಕೊಳ್ಳುವುದು ಬಿಡಿ. ಚೀನದ ಪಟ್ಟಿಯನ್ನು ದೀಪಾವಳಿಯ ತನಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಡಿಸೆಂಬರಿನಲ್ಲಿ ಸಂತ್ರಿ ಕೊಳ್ಳುವಾಗ ಸಿಪ್ಪೆ ಸಡಿಲಾಗಿ, ಒತ್ತಿದರೆ ಒಳಗೆ ಜಾಗ ಇದೆ ಅನ್ನಿಸುವ ಹಣ್ಣು ಆರಿಸಿ. ಸುಲಭವಾಗಿ ಸುಲಿಯುವ ಆ ಸಡಿಲ ಸಿಪ್ಪೆಯೇ ನಾಗಪುರದ ಹಣ್ಣಿನ ಗುರುತು.